ಹೊಸ ಅಧ್ಯಕ್ಷರಿಗೆ ಬರೆದ ಅರ್ಜಿ ಎಲ್ಲಿಗೆ ಹೋಗುತ್ತದೆ: ಶ್ವೇತಭವನದ ಅಹವಾಲು ಸೇವೆಗಳ ವಿಮರ್ಶೆ

ಅಮೆರಿಕದಲ್ಲಿ ಹೊಸ ಅಧ್ಯಕ್ಷರ ಅಧಿಕಾರಾವಧಿ ಜನವರಿ 20ರ ಮಧ್ಯಾಹ್ನ 12 ಗಂಟೆಗೆ ಆರಂಭವಾಗುತ್ತದೆ. ಅದೇ ಗಳಿಗೆಯಲ್ಲಿ ಶ್ವೇತಭವನದ ಜಾಲತಾಣವೂ ಕೈ ಬದಲಾಯಿಸುತ್ತದೆ. ಹಿಂದಿನ ಅಧ್ಯಕ್ಷರ ಪ್ರಕಟಣೆಗಳೂ ಅವರ ಕಚೇರಿಯ ಪತ್ರವ್ಯವಹಾರವೂ 1978ರ ಅಧ್ಯಕ್ಷೀಯ ದಾಖಲೆಗಳ ಕಾಯ್ದೆಯ ಪ್ರಕಾರ ರಾಷ್ಟ್ರೀಯ ದಾಖಲೆಗಾರದ ಪಾಲಾಗುತ್ತವೆ. ಡಿಸೆಂಬರಿನಲ್ಲಿ ಪತ್ರ ಬರೆದು ಉತ್ತರಕ್ಕಾಗಿ ಕಾಯುತ್ತಿರುವ ನಾಗರಿಕನಿಗೆ ಇದು ಗೊತ್ತಿರುವುದಿಲ್ಲ. ಅವನ ಆಸೆ ಹೊಸ ಅಧ್ಯಕ್ಷರ ಹೆಗಲೇರುತ್ತದೆ, ಅವನ ಕಾಗದ ಮಾತ್ರ ಹಳೆಯವರ ಕಡತದಲ್ಲೇ ಉಳಿದುಬಿಡುತ್ತದೆ. ಪ್ರಜೆಗಳ ನಿರೀಕ್ಷೆಗಳನ್ನು ಸ್ವೀಕರಿಸಲೆಂದೇ ಶ್ವೇತಭವನ ನಡೆಸುವ, ಅಥವಾ ನಡೆಸಿ ಕೈಬಿಟ್ಟ, ಸೇವೆಗಳನ್ನು ಬಳಕೆದಾರನ ಕಣ್ಣಿನಿಂದ ನೋಡುವಾಗ ಮೊದಲು ಎದುರಾಗುವ ಕೊರತೆ ಇದೇ.

ಈ ಸೇವೆಗಳಲ್ಲಿ ಅತ್ಯಂತ ಹಳೆಯದು ಅಂಚೆ. ವಿಲಿಯಂ ಮೆಕಿನ್ಲಿ ಅಧ್ಯಕ್ಷರಾದ 1897ರಲ್ಲಿ ಶ್ವೇತಭವನಕ್ಕೆ ದಿನಕ್ಕೆ ನೂರರಷ್ಟು ಪತ್ರಗಳು ಬರುತ್ತಿದ್ದವು. ಅವುಗಳನ್ನು ನೋಡಿಕೊಳ್ಳಲು ನೇಮಕಗೊಂಡ ಐರಾ ಸ್ಮಿತ್ ಎಂಬ ನೌಕರ 1948ರವರೆಗೂ, ಅಂದರೆ ಅರ್ಧ ಶತಮಾನಕ್ಕೂ ಹೆಚ್ಚು ಕಾಲ, ಆ ಕೆಲಸದಲ್ಲೇ ಇದ್ದರು. 1933ರ ಮಾರ್ಚ್ 4ರಂದು, ಬ್ಯಾಂಕುಗಳು ಬಾಗಿಲು ಹಾಕಿಕೊಂಡು ಕೆಲಸವಿಲ್ಲದವರು ಬೀದಿಯಲ್ಲಿದ್ದ ಹೊತ್ತಿನಲ್ಲಿ, ಫ್ರಾಂಕ್ಲಿನ್ ರೂಸ್‌ವೆಲ್ಟ್ ಪ್ರಮಾಣವಚನ ಸ್ವೀಕರಿಸಿ ಭಾಷಣ ಮಾಡಿದಾಗ ಒಂದೇ ವಾರದಲ್ಲಿ ಸುಮಾರು 4,50,000 ಪತ್ರಗಳು ಬಂದವು. ಅಷ್ಟರವರೆಗೆ ಒಬ್ಬನೇ ಮನುಷ್ಯ ಹೇಗೋ ನಿಭಾಯಿಸುತ್ತಿದ್ದ ಕೆಲಸಕ್ಕೆ ಆಮೇಲೆ ಒಂದು ಇಲಾಖೆಯೇ ಬೇಕಾಯಿತು. ಹೊಸ ಅಧ್ಯಕ್ಷರ ಮೇಲಿನ ನಿರೀಕ್ಷೆಯ ಭಾರವನ್ನು ತೂಗಿ ನೋಡಬೇಕೆಂದರೆ ಯಾವ ಜನಮತ ಸಮೀಕ್ಷೆಗಿಂತಲೂ ಆ ವಾರದ ಅಂಚೆಚೀಲಗಳೇ ನಂಬಲರ್ಹವಾದ ತಕ್ಕಡಿ ಎಂದು ನನಗೆ ತೋರುತ್ತದೆ, ಏಕೆಂದರೆ ಸಮೀಕ್ಷೆಗೆ ಉತ್ತರಿಸಲು ಯಾರೂ ಅಂಚೆಚೀಟಿ ಕೊಳ್ಳಬೇಕಾಗಿಲ್ಲ.

ಅಂಚೆ ಸೇವೆಯ ಗುಣಮಟ್ಟ ಆಯಾ ಅಧ್ಯಕ್ಷರ ಆಸಕ್ತಿಯನ್ನು ಅವಲಂಬಿಸಿದೆ. 2009ರಲ್ಲಿ ಅಧಿಕಾರಕ್ಕೆ ಬಂದ ಬರಾಕ್ ಒಬಾಮ ಬಂದ ಪತ್ರಗಳಲ್ಲಿ ದಿನಕ್ಕೆ ಹತ್ತನ್ನು ಆರಿಸಿ ತಮಗೆ ಕೊಡಬೇಕೆಂದು ಸೂಚಿಸಿದರು. ರಾತ್ರಿ ಓದಲು ಕಳಿಸುವ ಕಡತಗಳ ಜೊತೆ ಆ ಹತ್ತು ಪತ್ರಗಳೂ ಹೋಗುತ್ತಿದ್ದವು. ಆರಿಸುವಾಗ ಹೊಗಳಿಕೆಯ ಜೊತೆಗೆ ಬೈಗುಳವೂ ಇರಬೇಕೆಂಬ ಕಟ್ಟಳೆಯನ್ನು ಸಿಬ್ಬಂದಿ ಪಾಲಿಸಿದರು. ಕೆಲವಕ್ಕೆ ಅಧ್ಯಕ್ಷರೇ ಕೈಬರಹದಲ್ಲಿ ಉತ್ತರ ಬರೆದರು, ಉಳಿದವಕ್ಕೆ ವಿಷಯಾನುಸಾರ ಸಿದ್ಧಪಡಿಸಿದ ಮಾದರಿ ಉತ್ತರಗಳು ಹೋದವು. ದಿನಕ್ಕೆ ಸಾವಿರಾರು ಪತ್ರಗಳ ನಡುವೆ ಹತ್ತು ಎಂದರೆ ಲೆಕ್ಕಕ್ಕೆ ಏನೂ ಅಲ್ಲ ಎಂದು ಮೂಗು ಮುರಿಯಬಹುದು. ಆದರೆ ಬಂದದ್ದನ್ನು ಒಬ್ಬ ಮನುಷ್ಯ ಬಿಡಿಸಿ, ಓದಿ, ಇದು ಮೇಲಕ್ಕೆ ಹೋಗಬೇಕು ಅಥವಾ ಇದಕ್ಕೆ ಇಂಥ ಇಲಾಖೆ ಉತ್ತರಿಸಬೇಕು ಎಂದು ತೀರ್ಮಾನಿಸುವ ವ್ಯವಸ್ಥೆ ಅದು, ಮತ್ತು ಮುಂದೆ ಬಂದ ಸೇವೆಗಳು ಮೊದಲು ಕಳೆದುಕೊಂಡದ್ದು ಇದನ್ನೇ. ಐದು ಅಂಕಗಳಲ್ಲಿ ಅಂಚೆಗೆ ನಾನು ಮೂರೂವರೆ ಕೊಡುತ್ತೇನೆ. ಅರ್ಧ ಅಂಕ ಕಡಿಮೆಯಾದದ್ದು ವಿಳಂಬಕ್ಕೆ: 2001ರಲ್ಲಿ ಆಂಥ್ರಾಕ್ಸ್ ರೋಗಾಣುಗಳನ್ನು ಅಂಚೆಯಲ್ಲಿ ಕಳಿಸಿದ ಪ್ರಕರಣಗಳ ನಂತರ ಶ್ವೇತಭವನದ ಅಂಚೆಯೆಲ್ಲ ಬೇರೆಡೆ ತಪಾಸಣೆಗೊಂಡೇ ಒಳಗೆ ಬರುತ್ತದೆ. ಇನ್ನೊಂದು ಅಂಕ ಹೋದದ್ದು ಮೊದಲೇ ಹೇಳಿದ ಕಾರಣಕ್ಕೆ, ಅಧ್ಯಕ್ಷರು ಬದಲಾದೊಡನೆ ಸರದಿ ಅಳಿಸಿಹೋಗುವುದಕ್ಕೆ.

ಒಬಾಮ ಪ್ರಮಾಣವಚನಕ್ಕೆ ಮುನ್ನವೇ, ಅವರ ಅಧಿಕಾರ ಹಸ್ತಾಂತರ ತಂಡ ಪ್ರಜೆಗಳಿಂದ ಸಲಹೆಗಳನ್ನು ಜಾಲತಾಣದಲ್ಲಿ ಆಹ್ವಾನಿಸಿ ಅವುಗಳಿಗೆ ಮತ ಹಾಕಲು ಅವಕಾಶ ಕೊಟ್ಟಿತ್ತು. 14 ಲಕ್ಷದಷ್ಟು ಮತಗಳು ಬಿದ್ದವು. ಎರಡು ಯುದ್ಧಗಳೂ ಕುಸಿದ ಆರ್ಥಿಕತೆಯೂ ಕಣ್ಣ ಮುಂದಿದ್ದ ಆ ಚಳಿಗಾಲದಲ್ಲಿ ಮೊದಲ ಸ್ಥಾನ ಗಳಿಸಿದ್ದು ಗಾಂಜಾ ನಿಷೇಧವನ್ನು ತೆಗೆದುಹಾಕಬೇಕೆಂಬ ಸಲಹೆ. ಅದನ್ನು ಕೇಳಿದವರು ತಪ್ಪು ಮಾಡಿದರೆಂದಲ್ಲ. ಮತ ಎಣಿಸುವ ಯಂತ್ರ ಎದುರಿಗಿಟ್ಟರೆ ಸಂಘಟಿತರ ಧ್ವನಿ ಎತ್ತರದಲ್ಲಿ ಕೇಳುತ್ತದೆ, ಒಂಟಿಯಾಗಿ ಕಷ್ಟಪಡುವವನ ಧ್ವನಿ ಕೆಳಗೆಲ್ಲೋ ಉಳಿಯುತ್ತದೆ ಎಂಬುದು ಅಲ್ಲಿಯೇ ಸ್ಪಷ್ಟವಾಗಿತ್ತು.

ಹಾಗಿದ್ದೂ 2011ರ ಸೆಪ್ಟೆಂಬರಿನಲ್ಲಿ ‘ವಿ ದ ಪೀಪಲ್’ ಎಂಬ ಮನವಿ ಸೇವೆ ಅದೇ ತತ್ತ್ವದ ಮೇಲೆ ಆರಂಭವಾಯಿತು. ಹದಿಮೂರು ತುಂಬಿದ ಯಾರು ಬೇಕಾದರೂ ಖಾತೆ ತೆರೆದು ಮನವಿ ಬರೆಯಬಹುದಿತ್ತು. ಮೊದಲ 150 ಸಹಿಗಳನ್ನು ಅವರೇ ಹೊಂದಿಸಿಕೊಂಡ ಮೇಲೆ ಮನವಿ ತಾಣದ ಹುಡುಕಾಟದಲ್ಲಿ ಕಾಣಿಸುತ್ತಿತ್ತು, ಮೂವತ್ತು ದಿನಗಳಲ್ಲಿ ನಿಗದಿತ ಸಂಖ್ಯೆ ಮುಟ್ಟಿದರೆ ಸರ್ಕಾರ ಅಧಿಕೃತ ಉತ್ತರ ಕೊಡಬೇಕಿತ್ತು. ಆ ನಿಗದಿತ ಸಂಖ್ಯೆ ಆರಂಭದಲ್ಲಿ 5,000 ಇದ್ದದ್ದು ಒಂದೆರಡು ವಾರಗಳಲ್ಲೇ 25,000ಕ್ಕೂ 2013ರ ಜನವರಿಯಲ್ಲಿ 1,00,000ಕ್ಕೂ ಏರಿತು. ಬಾಗಿಲು ತೆರೆದವರೇ ಜನ ಬಂದದ್ದನ್ನು ಕಂಡು ಹೊಸ್ತಿಲನ್ನು ಎತ್ತರಿಸುತ್ತ ಹೋದರು.

ನಿಜ ಹೇಳಬೇಕೆಂದರೆ, ಅದು ಸಾಧಿಸಿದ್ದೂ ಇದೆ. ಮೊಬೈಲ್ ಫೋನನ್ನು ಬೇರೆ ಕಂಪನಿಯ ಸಂಪರ್ಕಕ್ಕೆ ಬಿಡಿಸಿಕೊಳ್ಳುವ ಹಕ್ಕನ್ನು ಕೋರಿ 2013ರಲ್ಲಿ ಬಂದ ಮನವಿ ಲಕ್ಷದ ಗಡಿ ದಾಟಿತು, ಸರ್ಕಾರ ಬೆಂಬಲಿಸಿತು, ಅಲ್ಲಿನ ಸಂಸತ್ತಾದ ಕಾಂಗ್ರೆಸ್ ಕಾನೂನು ಮಾಡಿತು, 2014ರ ಆಗಸ್ಟ್‌ನಲ್ಲಿ ಅಧ್ಯಕ್ಷರು ಅದಕ್ಕೆ ಸಹಿ ಹಾಕಿದರು. ಸಿನಿಮಾದ ಡೆತ್ ಸ್ಟಾರ್ ಎಂಬ ಬಾಹ್ಯಾಕಾಶ ಕೋಟೆಯನ್ನು ಕಟ್ಟಿಕೊಡಿ ಎಂದು ಕೇಳಿದ ಮನವಿಗೂ ಖರ್ಚಿನ ಲೆಕ್ಕ ಸಹಿತ ಲವಲವಿಕೆಯ ಉತ್ತರ ಬಂತು. ತಮಾಷೆಯ ಮನವಿಗೆ ಚುರುಕಾಗಿ ಉತ್ತರಿಸಿ ಗಂಭೀರವಾದದ್ದನ್ನು ತಿಂಗಳುಗಟ್ಟಲೆ ಕಾಯಿಸಿದರೆಂಬ ದೂರು ಆಗಲೇ ಹುಟ್ಟಿಕೊಂಡಿತ್ತು. 60 ದಿನಗಳೊಳಗೆ ಉತ್ತರಿಸುವ ಭರವಸೆ ಬಂದದ್ದು 2015ರಲ್ಲಿ.

ಸೇವೆಯ ನಿಜವಾದ ಪರೀಕ್ಷೆ ನಡೆದದ್ದು ಅಧ್ಯಕ್ಷರು ಬದಲಾದಾಗ. 2017ರ ಜನವರಿ 20ರಂದು, ಡೊನಾಲ್ಡ್ ಟ್ರಂಪ್ ಪ್ರಮಾಣವಚನ ಸ್ವೀಕರಿಸಿದ ದಿನವೇ, ಅವರ ಆದಾಯ ತೆರಿಗೆ ವಿವರಗಳನ್ನು ಬಹಿರಂಗಪಡಿಸಬೇಕೆಂಬ ಮನವಿ ಅಲ್ಲಿ ದಾಖಲಾಯಿತು. ಲಕ್ಷದ ಗಡಿಯನ್ನು ಅದು ನೋಡನೋಡುತ್ತಿದ್ದಂತೆ ದಾಟಿ ಮುಂದೆ ಹತ್ತು ಲಕ್ಷವನ್ನೂ ಮೀರಿತು. ಎರಡೇ ದಿನಗಳಲ್ಲಿ ಅಧ್ಯಕ್ಷರ ಸಲಹೆಗಾರ್ತಿ ಕೆಲಿಯಾನ್ ಕಾನ್‌ವೇ ಟಿವಿ ಸಂದರ್ಶನದಲ್ಲಿ, ವಿವರಗಳನ್ನು ಬಿಡುಗಡೆ ಮಾಡುವುದಿಲ್ಲ ಎಂದುಬಿಟ್ಟರು. ಆ ವರ್ಷವಿಡೀ ತಾಣದಲ್ಲಿ ಯಾವ ಮನವಿಗೂ ಉತ್ತರ ಪ್ರಕಟವಾಗಲಿಲ್ಲ. ಜೋ ಬೈಡನ್ ಬಂದ 2021ರ ಜನವರಿಯಲ್ಲಿ ಆ ವಿಳಾಸ ತೆರೆದವರನ್ನು ಶ್ವೇತಭವನದ ಮುಖಪುಟಕ್ಕೆ ಕಳಿಸಲಾಯಿತು, ಸೇವೆ ಸದ್ದಿಲ್ಲದೆ ಮುಗಿಯಿತು. ಒಂದು ಪಕ್ಷದವರು ತೆರೆದರು, ಇನ್ನೊಂದು ಪಕ್ಷದವರು ಅಸಡ್ಡೆ ಮಾಡಿದರು, ತೆರೆದ ಪಕ್ಷದವರೇ ಬಂದು ಮುಚ್ಚಿದರು. ಎರಡು ಅಂಕ ಸಾಕು.

ಈ ಎಲ್ಲ ಸೇವೆಗಳ ಮೂಲದೋಷ ತಂತ್ರಾಂಶದಲ್ಲಿಲ್ಲ. ಹೊಸ ಅಧ್ಯಕ್ಷರಿಂದ ಜನ ಕೇಳುವುದರಲ್ಲಿ ಬಹುಪಾಲು ಅಧ್ಯಕ್ಷರ ಕೈಯಲ್ಲೇ ಇಲ್ಲ, ಮತ್ತು ಅದನ್ನು ಅರ್ಜಿ ತೆಗೆದುಕೊಳ್ಳುವ ಕಿಂಡಿಯಲ್ಲಿ ಯಾರೂ ಹೇಳುವುದಿಲ್ಲ. ಕನಿಷ್ಠ ವೇತನವನ್ನೇ ನೋಡಿ: ಗಂಟೆಗೆ 7.25 ಡಾಲರ್ ಎಂಬ ರಾಷ್ಟ್ರಮಟ್ಟದ ದರ 2009ರಿಂದ ಕದಲಿಲ್ಲ, ಅದನ್ನು ಬದಲಿಸಬೇಕಾದದ್ದು ಕಾಂಗ್ರೆಸ್. ಸರ್ಕಾರಿ ಗುತ್ತಿಗೆ ಕೆಲಸಗಾರರಿಗೆ ಒಬಾಮ 10.10 ಡಾಲರ್, ಬೈಡನ್ 15 ಡಾಲರ್ ಎಂದು ಆದೇಶ ಹೊರಡಿಸಿದರು, ಅಧ್ಯಕ್ಷರ ಲೇಖನಿ ತಲುಪುವುದು ಸುಮಾರಾಗಿ ಅಲ್ಲಿಯವರೆಗೆ. ವಿದ್ಯಾರ್ಥಿ ಸಾಲಮನ್ನಾ ಯೋಜನೆಯನ್ನು ಬೈಡನ್ ಪ್ರಕಟಿಸಿ ಕೋಟ್ಯಂತರ ಜನ ಅರ್ಜಿ ಹಾಕಿದ ಮೇಲೆ 2023ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಳ್ಳಿಹಾಕಿತು. ಶಾಲೆಯ ಪಠ್ಯ, ಪೊಲೀಸು, ವಾಹನ ಪರವಾನಗಿ ಇವೆಲ್ಲ ರಾಜ್ಯಗಳ ಮತ್ತು ಸ್ಥಳೀಯ ಆಡಳಿತಗಳ ಹೊಣೆ. ಒಳ್ಳೆಯ ಅಂಗಡಿಯವನು ತನ್ನಲ್ಲಿಲ್ಲದ ಸರಕನ್ನು ಕೇಳಿದರೆ ಎಲ್ಲಿ ಸಿಗುತ್ತದೆಂದು ಹೇಳುತ್ತಾನೆ, ಶ್ವೇತಭವನದ ಮನವಿ ತಾಣ ಹಾಗೆ ಮಾಡದೆ ಸಹಿ ಮಾತ್ರ ಎಣಿಸಿತು.

ಆದ್ದರಿಂದ ಅಲ್ಲಿನ ನಿವಾಸಿಯೊಬ್ಬರಿಗೆ ಕೆಲಸವೇ ಆಗಬೇಕಿದ್ದರೆ, ಅಂದರೆ ನಿಂತುಹೋದ ಸೋಷಿಯಲ್ ಸೆಕ್ಯುರಿಟಿ (ಸರ್ಕಾರಿ ಪಿಂಚಣಿ) ಪಾವತಿ, ಬಾರದ ಪಾಸ್‌ಪೋರ್ಟ್, ಮಾಜಿ ಸೈನಿಕರ ಸವಲತ್ತು ಇಂಥ ತೊಡಕಾದರೆ, ಅವರು ತಮ್ಮ ಕ್ಷೇತ್ರದ ಪ್ರತಿನಿಧಿಯ ಅಥವಾ ರಾಜ್ಯದ ಸೆನೆಟರ್‌ಗಳ ಕಚೇರಿಗೆ ಹೋಗುವುದು ಮೇಲು. ಅಲ್ಲಿ ಇಂಥ ಪ್ರಕರಣಗಳಿಗೆಂದೇ ಸಿಬ್ಬಂದಿ ಇರುತ್ತಾರೆ. ಖಾಸಗಿ ಮಾಹಿತಿ ಪಡೆಯಲು ಒಪ್ಪಿಗೆ ಪತ್ರಕ್ಕೆ ಸಹಿ ಮಾಡಿಸಿಕೊಂಡು ಸಂಬಂಧಪಟ್ಟ ಇಲಾಖೆಯನ್ನು ಅವರೇ ವಿಚಾರಿಸುತ್ತಾರೆ. ಅಧ್ಯಕ್ಷರು ಬದಲಾದರೂ ಆ ಕಡತ ಮುಚ್ಚುವುದಿಲ್ಲ.

ಅಧ್ಯಕ್ಷರಿಗೇ ಬರೆಯಬೇಕೆಂಬ ಮನಸ್ಸಿದ್ದವರು ಒಂದೇ ವಿಷಯ ಬರೆಯಲಿ, ಅಕ್ಷರ ಸ್ಫುಟವಾಗಿರಲಿ, ಉತ್ತರದ ವಿಳಾಸ ಮರೆಯದಿರಲಿ. ಶಿಕ್ಷೆಯ ಕ್ಷಮಾದಾನ, ಕಾರ್ಯಕಾರಿ ಆದೇಶ, ನೇಮಕಾತಿಗಳಂತೆ ಅವರ ಕೈಯಲ್ಲಿರುವುದನ್ನೇ ಕೇಳಿದರೆ ಪತ್ರ ಸರಿಯಾದ ಮೇಜಿಗೆ ಹೋಗುವ ಸಂಭವ ಹೆಚ್ಚು. ಪ್ರಮಾಣವಚನದ ವಾರದ ನೂಕುನುಗ್ಗಲಿನಲ್ಲಿ ಕಳಿಸುವ ಬದಲು ಒಂದೆರಡು ತಿಂಗಳು ತಡೆದು ಕಳಿಸಿದರೆ ಓದುವವರು ತಮ್ಮ ಕುರ್ಚಿಗಳಲ್ಲಿ ನೆಲೆಗೊಂಡಿರುತ್ತಾರೆ. ಅಂದ ಹಾಗೆ, ಒಬಾಮ ಕಾಲದ ಶ್ವೇತಭವನದಲ್ಲಿ ಎಂಬತ್ತು ದಾಟಿದವರ ಹುಟ್ಟುಹಬ್ಬಕ್ಕೂ ಐವತ್ತು ವರ್ಷ ಪೂರೈಸಿದ ದಂಪತಿಗಳಿಗೂ ಅಧ್ಯಕ್ಷರ ಶುಭಾಶಯ ಪತ್ರ ತರಿಸಿಕೊಳ್ಳುವ ಸೌಲಭ್ಯವಿತ್ತು. ಆರು ವಾರ ಮುಂಚೆ ಕೇಳಬೇಕಿತ್ತು, ಸಹಿಗಳ ಸಂಖ್ಯೆಯನ್ನು ಯಾರೂ ಎಣಿಸುತ್ತಿರಲಿಲ್ಲ.