ಪ್ರಕ್ಷೇಪನ ಕ್ರಿಯೆಯ ಅಯಾನು ಸಮೀಕರಣ: ಸುತ್ತು ದಾರಿಯೋ, ನೇರ ದಾರಿಯೋ?

ಪಿಯು ಮಕ್ಕಳಿಗೆ ರಸಾಯನಶಾಸ್ತ್ರ ಕಲಿಸುವ ನಾನು ಈ ಸಮೀಕರಣ ಬರೆಯುವ ಎರಡು ವಿಧಾನಗಳನ್ನೂ ತರಗತಿಯಲ್ಲಿ ಬಳಸಿ ನೋಡಿದ್ದೇನೆ. ಸುತ್ತು ದಾರಿಯಲ್ಲಿ ಪೂರ್ಣ ಸಮೀಕರಣವನ್ನು ಸರಿದೂಗಿಸಿ, ನೀರಿನಲ್ಲಿ ಕರಗಿದ್ದನ್ನೆಲ್ಲ ಅಯಾನುಗಳಾಗಿ, ಅಂದರೆ ವಿದ್ಯುದಾವೇಶವಿರುವ ಕಣಗಳಾಗಿ ಬಿಡಿಸಿ, ಕ್ರಿಯೆಯಲ್ಲಿ ಸೇರದೆ ಎರಡೂ ಬದಿಯಲ್ಲಿ ಹಾಗೇ ಉಳಿಯುವ ಪ್ರೇಕ್ಷಕ ಅಯಾನುಗಳನ್ನು ಹೊಡೆದುಹಾಕಬೇಕು. ನೇರ ದಾರಿಯಲ್ಲಿ ಪ್ರಕ್ಷೇಪವನ್ನು, ಅಂದರೆ ದ್ರಾವಣಗಳು ಬೆರೆತಾಗ ಕರಗದೆ ತಳ ಸೇರುವ ಘನವಸ್ತುವನ್ನು, ಮೊದಲೇ ಗುರುತಿಸಿ, ಅದಕ್ಕೆ ಬೇಕಾದ ಅಯಾನುಗಳನ್ನಷ್ಟೇ ಬರೆದರೆ ಮುಗಿಯಿತು.

ಲೆಡ್ ನೈಟ್ರೇಟ್ ಮತ್ತು ಪೊಟ್ಯಾಸಿಯಂ ಅಯೋಡೈಡ್ ಬೆರೆಸಿದಾಗ ನೇರ ದಾರಿಗೇ ನನ್ನ ಮತ. ಬಣ್ಣವಿಲ್ಲದ ಎರಡು ದ್ರಾವಣಗಳು ಸೇರಿದೊಡನೆ ಪ್ರನಾಳದಲ್ಲಿ ಹಳದಿ ಪ್ರಕ್ಷೇಪ ಕಾಣುತ್ತದೆ. ಒಂದು ಲೆಡ್ ಅಯಾನು, ಎರಡು ಅಯೋಡೈಡ್ ಅಯಾನು, ಒಂದು ಲೆಡ್ ಅಯೋಡೈಡ್: ಒಂದೇ ಸಾಲು. ಕಣ್ಣು ಕಂಡದ್ದನ್ನೇ ಕೈ ಬರೆಯುತ್ತದೆ.

ಆದರೆ ಕ್ಯಾಲ್ಸಿಯಂ ಕ್ಲೋರೈಡ್ ಮತ್ತು ಸೋಡಿಯಂ ಫಾಸ್ಫೇಟ್ ಕೊಟ್ಟು ನೋಡಿ. 3 ಕ್ಯಾಲ್ಸಿಯಂ, 2 ಫಾಸ್ಫೇಟ್ ಎಂದು ನೇರವಾಗಿ ಬರೆದವರ ಉತ್ತರ ಸರಿಯೇ ಇರುತ್ತದೆ. ಅದೇ ಮಕ್ಕಳಿಗೆ ಸುತ್ತು ದಾರಿಯಲ್ಲಿ ಬರೆಯಲು ಹೇಳಿದರೆ, 6 ಕ್ಲೋರೈಡ್ ಅಯಾನುಗಳು ಬರಬೇಕಾದ ಕಡೆ ಕೆಲವರು 3 ಕ್ಲೋರಿನ್ ಅಣುಗಳನ್ನು ಬರೆಯುತ್ತಾರೆ. ಇನ್ನು ಕೆಲವರು ಫಾಸ್ಫೇಟನ್ನೇ ಒಡೆದು ರಂಜಕ, ಆಮ್ಲಜನಕ ಎಂದು ಬೇರೆ ಮಾಡುತ್ತಾರೆ. ದ್ರಾವಣದಲ್ಲಿ ನಿಜವಾಗಿ ಏನಿದೆ ಎಂಬುದೇ ಅವರಿಗೆ ಸ್ಪಷ್ಟವಾಗಿಲ್ಲ. ನೇರ ದಾರಿ ಈ ಕೊರತೆಯನ್ನು ಮರೆಮಾಚಿಬಿಡುತ್ತದೆ. ಕಲಿಸುವವರಿಗೆ ಇದಕ್ಕಿಂತ ದೊಡ್ಡ ತೊಂದರೆ ಬೇರಿಲ್ಲ.

ತಾಮ್ರದ ಸಲ್ಫೇಟ್ ಮತ್ತು ಬೇರಿಯಂ ಹೈಡ್ರಾಕ್ಸೈಡ್ ಇನ್ನೂ ಗಟ್ಟಿ ಪರೀಕ್ಷೆ. ಬೇರಿಯಂ ಸಲ್ಫೇಟ್ ಕಂಡಕೂಡಲೇ ಅವಸರದವರು ಪೆನ್ನು ಕೆಳಗಿಡುತ್ತಾರೆ. ತಾಮ್ರದ ಹೈಡ್ರಾಕ್ಸೈಡ್ ಕೂಡ ಕರಗುವುದಿಲ್ಲ. ತಿಳಿನೀಲಿಯಾಗಿ ಅದೂ ತಳ ಸೇರುತ್ತದೆ. ಸುತ್ತು ದಾರಿಯಲ್ಲಿ ಬರೆದವರಿಗೆ ಹೊಡೆದುಹಾಕಲು ಒಂದೂ ಅಯಾನು ಸಿಗುವುದಿಲ್ಲ. ಎರಡೂ ಪ್ರಕ್ಷೇಪಗಳು ತಾವಾಗಿ ಸಮೀಕರಣಕ್ಕೆ ಬರುತ್ತವೆ. ಸೋಡಿಯಂ ಕ್ಲೋರೈಡ್ ಮತ್ತು ಪೊಟ್ಯಾಸಿಯಂ ನೈಟ್ರೇಟ್‌ನಲ್ಲಿ ಇದಕ್ಕೆ ತದ್ವಿರುದ್ಧ: ಎಲ್ಲವೂ ಹೊಡೆದುಹೋಗಿ, ಕ್ರಿಯೆಯೇ ನಡೆದಿಲ್ಲ ಎಂಬುದು ಕಾಗದದ ಮೇಲೆಯೇ ತಿಳಿಯುತ್ತದೆ.

ಯಾವ ದಾರಿ ಹಿಡಿದರೂ ಕರಗುವಿಕೆಯ ನಿಯಮಗಳು ಬಾಯಿಗೆ ಬರಲೇಬೇಕು. ನೈಟ್ರೇಟ್‌ಗಳು ಕರಗುತ್ತವೆ, ಸೋಡಿಯಂ, ಪೊಟ್ಯಾಸಿಯಂ, ಅಮೋನಿಯಂನ ಸಾಮಾನ್ಯ ಲವಣಗಳೂ ಕರಗುತ್ತವೆ. ಬೆಳ್ಳಿಯ ಕ್ಲೋರೈಡ್, ಬೇರಿಯಂ ಮತ್ತು ಲೆಡ್ ಸಲ್ಫೇಟ್‌ಗಳು ಕರಗುವುದಿಲ್ಲ.

ಆದ್ದರಿಂದ ಮೊದಲ ವರ್ಷವಿಡೀ ನಾನು ಸುತ್ತು ದಾರಿಯನ್ನೇ ಬರೆಸುತ್ತೇನೆ. ಬಹು ಆಯ್ಕೆಯ ಪರೀಕ್ಷೆಗೆ ಕೂರುವವರಿಗೆ ನೇರ ದಾರಿಯೇ ಸರಿ, ಆದರೆ ಒಂದು ಷರತ್ತಿನ ಮೇಲೆ: ಉಳಿದ ಅಯಾನುಗಳ ಜೋಡಿಯನ್ನೂ ಅಂಚಿನಲ್ಲಿ ಬರೆದು ಅದು ಕರಗುತ್ತದೆಯೇ ಎಂದು ನೋಡಬೇಕು, ಸಮೀಕರಣದ ಎರಡೂ ಬದಿಯ ವಿದ್ಯುದಾವೇಶವನ್ನು ಕೂಡಿಸಿ ತಾಳೆ ಹಾಕಬೇಕು.