ಕಣ್ಣಿನ ಬಿಸಿ ಮಾಸ್ಕ್: ಎರಡು ತಿಂಗಳು ಬಳಸಿದ ಮೇಲೆ

ನಾನು ಗದಗದ ಒಂದು ಪ್ರೆಸ್‌ನಲ್ಲಿ ಡಿಟಿಪಿ ಮಾಡುತ್ತೇನೆ. ಮದುವೆ ಸೀಸನ್ ಬಂದರೆ ಬೆಳಿಗ್ಗೆಯಿಂದ ರಾತ್ರಿವರೆಗೂ ಲಗ್ನಪತ್ರಿಕೆ ಕೆಲಸವೇ. ಈ ಸಲ ಮಧ್ಯಾಹ್ನ ಆಗುವಷ್ಟರಲ್ಲಿ ಕಣ್ಣಲ್ಲಿ ಮರಳು ಬಿದ್ದ ಹಾಗೆ ಚುಚ್ಚುತ್ತಿತ್ತು, ಜೊತೆಗೆ ಒಂದೇ ಸಮನೆ ನೀರು. ಡಾಕ್ಟರು ನೋಡಿ, "ಕಣ್ಣು ಒಣಗಿದೆ" ಅಂದರು. ಇಷ್ಟು ನೀರು ಸುರಿಯುವಾಗ ಒಣಗುವುದು ಹೇಗೆ ಅಂತ ಕೇಳಿದೆ.

ಅವರು ಕೂರಿಸಿಕೊಂಡು ಬಿಡಿಸಿ ಹೇಳಿದರು. ಕಣ್ಣೀರಿನ ಮೇಲೆ ಎಣ್ಣೆಯ ತೆಳುವಾದ ಪದರ ಇರುತ್ತದೆ. ಅದನ್ನು ಕೊಡುವುದು ರೆಪ್ಪೆಯೊಳಗಿನ ಮೈಬೋಮಿಯನ್ ಗ್ರಂಥಿಗಳು. ಒಂದೊಂದು ರೆಪ್ಪೆಯಲ್ಲೂ ಇಪ್ಪತ್ತಕ್ಕಿಂತ ಜಾಸ್ತಿ, ಅಂಚಿನಲ್ಲಿ ಸಾಲಾಗಿ ಅವುಗಳ ಬಾಯಿ. ಅಲ್ಲಿನ ಜೀವಕೋಶಗಳು ಎಣ್ಣೆ ತುಂಬಿಕೊಂಡು ಕೊನೆಗೆ ತಾವೇ ಒಡೆದು ಎಣ್ಣೆಯಾಗಿಬಿಡುತ್ತವೆ. ಹಿಂದಿನಿಂದ ಹೊಸವು ಬೆಳೆಯುತ್ತಲೇ ಇರುತ್ತವೆ. ಮೈಯ ಬೆವರಿನ ಗ್ರಂಥಿಗಳಲ್ಲಿ ಹೀಗಲ್ಲ, ಬೆವರು ಹೊರಗೆ ಹೋದರೂ ಜೀವಕೋಶ ಉಳಿಯುತ್ತದೆ. ನಮ್ಮ ಕಣ್ಣು ತಂಪಾಗಿರಲಿ ಅಂತ ದಿನವೂ ಅಷ್ಟು ಜೀವಕೋಶಗಳು ಕರಗುತ್ತವೆ ಅಂದಾಗ ನನಗೆ ಮಾತೇ ಹೊರಡಲಿಲ್ಲ.

ರೆಪ್ಪೆ ಬಡಿದಾಗಲೆಲ್ಲ ಒಂದಿಷ್ಟು ಎಣ್ಣೆ ಹೊರಗೆ ಬರಬೇಕು. ಸ್ಕ್ರೀನ್ ನೋಡುವಾಗ ನಾವು ಬಡಿಯುವುದೇ ಕಡಿಮೆ ಅಲ್ವಾ? ಎಣ್ಣೆ ಒಳಗೇ ನಿಂತು, ಚಳಿಗಾಲದ ಕೊಬ್ಬರಿ ಎಣ್ಣೆ ಥರ ಗಟ್ಟಿಯಾಗುತ್ತದೆ. ಮೇಲೆ ಎಣ್ಣೆ ಇಲ್ಲದಿದ್ದರೆ ಕಣ್ಣೀರು ಬೇಗ ಆರಿ ಉರಿಯುತ್ತದೆ. ಆ ಉರಿಗೆ ಕಣ್ಣೀರಿನ ಗ್ರಂಥಿ ಇನ್ನಷ್ಟು ನೀರು ಸುರಿಸುತ್ತದೆ. ಡಾಕ್ಟರು ನನ್ನ ರೆಪ್ಪೆಯನ್ನು ಬಡ್ಸ್‌ನಿಂದ ಒತ್ತಿ ಫೋಟೊ ತೋರಿಸಿದರು. ತಿಳಿ ಎಣ್ಣೆಯ ಹನಿ ಇರಬೇಕಾದ ಕಡೆ ಟೂತ್‌ಪೇಸ್ಟ್‌ನಂಥ ಬಿಳಿ ಎಳೆ ಬಂದಿತ್ತು.

ಅದಕ್ಕೇ ಶಾಖ. ಮೊದಲು ಬಿಸಿನೀರಲ್ಲಿ ಅದ್ದಿದ ಬಟ್ಟೆ ಇಟ್ಟುಕೊಂಡೆ. ಎರಡೇ ನಿಮಿಷಕ್ಕೆ ತಣ್ಣಗಾಗುತ್ತಿತ್ತು. ಆಮೇಲೆ 300 ರೂಪಾಯಿಯ ಮಾಸ್ಕ್ ತಂದೆ, ಒಂದೇ ಕಣ್ಣಿನ ಕಡೆ ಕಾಯುತ್ತಿತ್ತು, ವಾಪಸ್ ಕೊಟ್ಟೆ. ಈಗಿನದು 850 ರೂಪಾಯಿ. ಯುಎಸ್‌ಬಿ ವೈರ್, ಟೈಮರ್, ಶಾಖಕ್ಕೆ ನಾಲ್ಕು ಹಂತ. ಹತ್ತು ನಿಮಿಷ ಎರಡೂ ಕಣ್ಣಿಗೆ ಒಂದೇ ಸಮ ಶಾಖ ಸಿಗುತ್ತದೆ. ನನಗೆ ಬೇಕಾಗಿದ್ದದ್ದು ಅದೊಂದೇ. ಎರಡನೇ ಹಂತ ಸಾಕು. ರೆಪ್ಪೆಯ ಚರ್ಮ ತುಂಬ ತೆಳು, ನಾಲ್ಕಕ್ಕೆ ಹೋಗಲೇಬೇಡಿ.

ತೆಗೆದ ಕೂಡಲೇ ಮೇಲಿನ ರೆಪ್ಪೆಯನ್ನು ಕೆಳಕ್ಕೆ, ಕೆಳಗಿನದನ್ನು ಮೇಲಕ್ಕೆ ಮೆಲ್ಲಗೆ ನೀವಬೇಕು. ಕಣ್ಣುಗುಡ್ಡೆ ಒತ್ತಬಾರದು. ನೀವದೆ ಬಿಟ್ಟ ದಿನ ನನಗಂತೂ ಅರ್ಧ ಗುಣವೂ ಕಾಣಲಿಲ್ಲ.

ಮೂರನೇ ವಾರಕ್ಕೆ ಮರಳು ಚುಚ್ಚುವುದು ನಿಂತಿತು. ದಿನಕ್ಕೆ ಆರು ಸಲ ಹಾಕುತ್ತಿದ್ದ ಡ್ರಾಪ್ಸ್ ಎರಡಕ್ಕೆ ಇಳಿದಿದೆ. ಫ್ಯಾನ್ ಎದುರಿಗೆ ಕೂತರೆ ಮಾತ್ರ ಈಗಲೂ ನೀರು ಬರುತ್ತದೆ.

ವೈರ್ ಗಿಡ್ಡ, ಪಟ್ಟಿಗೆ ಕೂದಲು ಸಿಕ್ಕಿಕೊಳ್ಳುತ್ತದೆ. ರೆಪ್ಪೆ ಕೆಂಪಾಗಿ ಊದಿಕೊಂಡಿದ್ದರೆ ಇದನ್ನು ಕೊಳ್ಳುವ ಮೊದಲು ಡಾಕ್ಟರ ಹತ್ತಿರ ಹೋಗಿ. ಮಾಸ್ಕ್ ತೆಗೆದ ಮೇಲೆ ಐದು ನಿಮಿಷ ಎಲ್ಲ ಮಂಜಾಗಿ ಕಾಣುತ್ತದೆ. ಅಷ್ಟು ಹೊತ್ತು ಪ್ರೂಫ್ ನೋಡಲು ಆಗುವುದಿಲ್ಲ, ಹಾಗಾಗಿ ನಾನು ರಾತ್ರಿ ಊಟಕ್ಕೆ ಮುಂಚೆ ಹಾಕಿಕೊಳ್ಳುತ್ತೇನೆ.