ಹೊರರಾಜ್ಯದ ಬೇಟೆ ಲೈಸೆನ್ಸ್: ಟೆಕ್ಸಸ್, ಕೊಲೊರಾಡೊ, ವಯೋಮಿಂಗ್ ಮೂರನ್ನೂ ನೋಡಿದ ಮೇಲೆ

ಡಲ್ಲಾಸ್‌ನಲ್ಲಿ ಮನೆ ಮಾಡಿಕೊಂಡಿರುವ ನನಗೆ ಟೆಕ್ಸಸ್‌ನ ಬೇಟೆ ಲೈಸೆನ್ಸ್ 25 ಡಾಲರ್‌ಗೆ ಸಿಗುತ್ತದೆ. ಕ್ಯಾಲಿಫೋರ್ನಿಯಾದಿಂದ ಬರುವ ನನ್ನ ಭಾವನಿಗೆ ಅದೇ ಜಿಂಕೆಗೆ 315. ಎಲ್ಕ್ ಎಂಬ ದೊಡ್ಡ ಜಾತಿಯ ಜಿಂಕೆ ಹುಡುಕಿಕೊಂಡು ನಾನು ಉತ್ತರಕ್ಕೆ ಹೊರಟರೆ ಆ ಬಿಸಿ ನನಗೆ ತಟ್ಟುತ್ತದೆ. ವಯೋಮಿಂಗ್‌ನಲ್ಲಿ ಎಲ್ಕ್ ಟ್ಯಾಗ್, ಅಂದರೆ ಒಂದು ಎಲ್ಕ್ ಹೊಡೆಯುವ ಪರವಾನಗಿ, ಅಲ್ಲಿನವರಿಗೆ 57 ಡಾಲರ್, ನಮಗೆ 692. ಕೊಲೊರಾಡೊದಲ್ಲಿ ಅಲ್ಲಿನವರಿಗೆ ಅರವತ್ತು ಚಿಲ್ಲರೆ, ನಮಗೆ 800ರ ಆಸುಪಾಸು. ಮೂರೂ ಕಡೆ ಹೆಚ್ಚುಕಡಿಮೆ ಹನ್ನೆರಡು ಪಟ್ಟು.

ಈ ಹನ್ನೆರಡು ಪಟ್ಟಿನ ಬಗ್ಗೆ ನನಗೆ ತಕರಾರಿಲ್ಲ. ಬೆಲೆಯ ಜಗಳ 1978ರಲ್ಲೇ ಅಮೆರಿಕದ ಸುಪ್ರೀಂ ಕೋರ್ಟ್‌ವರೆಗೆ ಹೋಗಿತ್ತು. ಮೊಂಟಾನಾದಲ್ಲಿ ಆಗ ಅಲ್ಲಿನವರಿಗೆ ಎಲ್ಕ್ ಲೈಸೆನ್ಸ್ 9 ಡಾಲರ್. ಹೊರಗಿನವರು ಎಲ್ಕ್ ಬೇಕು ಅಂದರೆ 225 ಡಾಲರ್‌ನ ಕಾಂಬಿನೇಷನ್ ಲೈಸೆನ್ಸನ್ನೇ (ಹಲವು ಪ್ರಾಣಿಗಳಿಗೆ ಸೇರಿಸಿ ಕೊಡುವುದು) ಕೊಳ್ಳಬೇಕಿತ್ತು. ಕೋರ್ಟ್ ಮೊಂಟಾನಾದ ಪರವಾಗಿಯೇ ತೀರ್ಪು ಕೊಟ್ಟಿತು. ಚಳಿಗಾಲದಲ್ಲಿ ಎಲ್ಕ್ ಹಿಂಡು ನುಗ್ಗಿ ಒಣಹುಲ್ಲು ತಿನ್ನುವುದು, ಬೇಲಿ ಮುರಿಯುವುದು ಅಲ್ಲಿನವರ ಜಮೀನಿನಲ್ಲೇ ಅಲ್ವಾ? ಸಕಲೇಶಪುರದ ಕಡೆ ಆನೆ ಕಾಟ ನೋಡಿ ಬೆಳೆದ ನನಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ಅವರು ಕಡಿಮೆ ಕೊಡಲಿ, ನಾನು ಜಾಸ್ತಿ ಕೊಡುತ್ತೇನೆ. ಆದರೆ ಕೊಟ್ಟ ಮೇಲೆ ಕಾಡಿನೊಳಗೆ ಇಬ್ಬರಿಗೂ ಒಂದೇ ನಿಯಮ ಇರಬೇಕು. ನಾನು ಈ ಮೂರು ರಾಜ್ಯಗಳನ್ನು ಅಳೆಯುವುದು ಈ ಲೆಕ್ಕದಲ್ಲಿ.

ಟೆಕ್ಸಸ್ ಬಗ್ಗೆ ಹೇಳುವುದು ಕಡಿಮೆ. ಅಲ್ಲಿ ನೆಲ ಬಹುತೇಕ ಖಾಸಗಿ. ಭಾವನಿಗೆ 315 ಡಾಲರ್ ದೊಡ್ಡದಾಗಿ ಕಂಡಿದ್ದು ತಮ್ಮ ನೆಲದಲ್ಲಿ ಬೇಟೆಗೆ ಬಿಡಲು ರ‍್ಯಾಂಚಿನವರು ಹೇಳುವ ದರ ಕೇಳುವವರೆಗೆ ಮಾತ್ರ. ಒಂದು ವಿಷಯಕ್ಕೆ ಮಾತ್ರ ನನ್ನ ರಾಜ್ಯವನ್ನು ಮೆಚ್ಚುತ್ತೇನೆ. ಸಾರ್ವಜನಿಕ ಬೇಟೆ ಜಾಗಗಳಿಗೆ ಲೈಸೆನ್ಸ್ ಜೊತೆ ತೆಗೆದುಕೊಳ್ಳುವ ವಾರ್ಷಿಕ ಪರ್ಮಿಟ್ 48 ಡಾಲರ್. ಅದು ನನಗೂ ಅಷ್ಟೇ, ಭಾವನಿಗೂ ಅಷ್ಟೇ.

ಕೊಲೊರಾಡೊ 2024ರವರೆಗೆ ಹೊರಗಿನವರಿಗೆ ತುಂಬಾ ಸಲೀಸಾಗಿತ್ತು. ಬಿಲ್ಲು-ಬಾಣದ ಬೇಟೆಯ ಎಲ್ಕ್ ಟ್ಯಾಗ್‌ಗೆ ಹಲವು ಕಡೆ ಡ್ರಾ, ಅಂದರೆ ಲಾಟರಿ, ಇಲ್ಲ; ಅದರಲ್ಲಿ ಮುಂದೆ ಬರಲು ವರ್ಷಗಟ್ಟಲೆ ಪಾಯಿಂಟ್ ಕೂಡಿಡುವುದೂ ಇಲ್ಲ. ಅಂಗಡಿಗೆ ಹೋಗಿ ದುಡ್ಡು ಕೊಟ್ಟು ಟ್ಯಾಗ್ ತಗೊಂಡು, ಮಾರನೇ ಬೆಳಿಗ್ಗೆ ನ್ಯಾಷನಲ್ ಫಾರೆಸ್ಟ್‌ನಲ್ಲಿ ಇರಬಹುದಿತ್ತು. ಅದರಿಂದಲೇ ಜನ ಜಾಸ್ತಿಯಾದರು. ಬೆಳಗಿನ ಕತ್ತಲಲ್ಲೇ ಕಾಲುದಾರಿಯ ಬುಡದಲ್ಲಿ ಟ್ರಕ್ ನಿಲ್ಲಿಸಲು ಜಾಗ ಇರುತ್ತಿರಲಿಲ್ಲ. ಪಕ್ಕದಲ್ಲಿ ನಿಂತಿದ್ದ ಅಲ್ಲಿನವರೊಬ್ಬರು ನನ್ನ ಟೆಕ್ಸಸ್ ನಂಬರ್ ಪ್ಲೇಟ್ ನೋಡಿ ಮುಖ ಸಿಂಡರಿಸಿದರು. ಅವರ ಸಂಕಟವೂ ನಿಜವೇ. 2025ರಿಂದ ರಾಜ್ಯದ ಪಶ್ಚಿಮ ಭಾಗದಲ್ಲಿ ಹೊರಗಿನವರ ಬಿಲ್ಲಿನ ಟ್ಯಾಗ್ ಡ್ರಾಗೆ ಹೋಗಿದೆ, ಅಲ್ಲಿನವರಿಗೆ ಅಂಗಡಿಯಲ್ಲಿ ಈಗಲೂ ಸಿಗುತ್ತದೆ. ಸಂಖ್ಯೆಗೆ ಮಿತಿ ಹಾಕಿದ್ದನ್ನು ನಾನು ಒಪ್ಪುತ್ತೇನೆ. ಒಪ್ಪದೇ ಇರುವುದು ಇನ್ನೊಂದನ್ನು: ಡ್ರಾಗೆ ಅರ್ಜಿ ಹಾಕಬೇಕಾದರೂ ನೂರು ಡಾಲರ್ ಆಸುಪಾಸಿನ ಬೇರೊಂದು ಲೈಸೆನ್ಸ್ ಕೊಳ್ಳಬೇಕು, ಟ್ಯಾಗ್ ಬರದಿದ್ದರೂ ಆ ದುಡ್ಡು ವಾಪಸ್ ಬರುವುದಿಲ್ಲ. ಅದೊಂದು ಬಿಟ್ಟರೆ, ಟ್ಯಾಗ್ ಕೈಗೆ ಬಂದ ಮೇಲೆ ಕೊಲೊರಾಡೊದ ಕಾಡಿನಲ್ಲಿ ಅವರು ಹೋಗುವಲ್ಲೆಲ್ಲ ನಾನೂ ಹೋಗಬಹುದು.

ವಯೋಮಿಂಗ್‌ನಲ್ಲಿ ನನಗೆ ಸಿಕ್ಕ ಅತಿ ಅಗ್ಗದ ಬೇಟೆಯೂ ಇದೆ, ಅತಿ ದೊಡ್ಡ ಅನ್ಯಾಯವೂ ಇದೆ.

ಅಗ್ಗದ್ದು ಹೆಣ್ಣು ಪ್ರಾಂಗ್‌ಹಾರ್ನ್. ಇದು ಬಯಲಿನಲ್ಲಿ ಗಾಳಿಯ ಹಾಗೆ ಓಡುವ ಪ್ರಾಣಿ. ಟ್ಯಾಗ್ ಅಲ್ಲಿನವರಿಗೆ 22 ಡಾಲರ್, ನಮಗೆ 34. ಮೇಲೆ 21.50ರ ವನ್ಯಜೀವಿ ಸಂರಕ್ಷಣೆಯ ಸ್ಟಾಂಪ್. ಆದರೆ ನಿಯಮಗಳ ಪುಸ್ತಕವನ್ನು ಸರಿಯಾಗಿ ಓದಬೇಕು. ಕೆಲವು ವಲಯಗಳಲ್ಲಿ ಸಾರ್ವಜನಿಕ ನೆಲ ಸಿಗುವುದು ಕಷ್ಟ ಅಂತ ಅದರಲ್ಲೇ ಬರೆದಿರುತ್ತಾರೆ. ಅಂಥ ಕಡೆ ಟ್ಯಾಗ್ ಅಗ್ಗ, ಗೇಟು ದುಬಾರಿ. ಒಬ್ಬ ರ‍್ಯಾಂಚಿನ ಯಜಮಾನರು ಒಳಗೆ ಬಿಡಲು ಕೇಳಿದ್ದು ಟ್ಯಾಗಿನ ಹಲವು ಪಟ್ಟು. ಅವರ ನೆಲ, ಅವರ ಇಷ್ಟ. ನಾನು ಸರ್ಕಾರಿ ಹುಲ್ಲುಗಾವಲಿನಲ್ಲೇ ಹೊಟ್ಟೆ ಮೇಲೆ ತೆವಳಿಕೊಂಡು ಹೋಗಿ ಒಂದನ್ನು ಹೊಡೆದೆ. ಕೂಡಲೇ ಚರ್ಮ ಬಿಡಿಸಿ ಐಸಿನ ಮೇಲೆ ಇಟ್ಟರೆ ಮಾಂಸಕ್ಕೆ ಜನ ಹೇಳುವ ಆ ಸೇಜ್ ಗಿಡದ ವಾಸನೆ ಬರುವುದಿಲ್ಲ. ಕಾಳುಮೆಣಸು, ಕಾಚಂಪುಳಿ ಹಾಕಿ ಹುರಿದದ್ದು ಮನೆಯಲ್ಲಿ ಎಲ್ಲರಿಗೂ ಹಿಡಿಸಿತು.

ಎಲ್ಕ್ ವಿಷಯಕ್ಕೆ ಬಂದರೆ ವಯೋಮಿಂಗ್ ಹೊರಗಿನವರನ್ನೇ ಎರಡು ಸಾಲು ಮಾಡುತ್ತದೆ. 692 ಡಾಲರ್‌ನ ಸಾಮಾನ್ಯ ಡ್ರಾ ಒಂದು, 'ಸ್ಪೆಷಲ್' ಡ್ರಾ ಇನ್ನೊಂದು. ಸ್ಪೆಷಲ್ ದರವನ್ನು 2024ರಲ್ಲಿ 1,950 ಡಾಲರ್‌ಗೆ ಏರಿಸಿದರು. ನಮ್ಮ ಪಾಲಿನ ಟ್ಯಾಗ್‌ಗಳಲ್ಲಿ ನೂರಕ್ಕೆ ನಲವತ್ತು ಆ ಸಾಲಿಗೆ ಹೋಗುತ್ತವೆ. ಎಲ್ಕ್ ಅದೇ, ಸೀಸನ್ ಅದೇ. ಜಾಸ್ತಿ ದುಡ್ಡಿಗೆ ಸಿಗುವುದು ಚಿಕ್ಕ ಸಾಲು ಮಾತ್ರ. ಊರು ನೋಡಿ ಬೆಲೆ ಕಟ್ಟುವುದು ನನಗೆ ಅರ್ಥವಾಗುತ್ತದೆ, ಜೇಬು ನೋಡಿ ಸಾಲು ಮಾಡುವುದು ಸರಿ ಅನಿಸುವುದಿಲ್ಲ.

ಇದಕ್ಕಿಂತ ನೋವಾಗಿದ್ದು ಬಿಗ್‌ಹಾರ್ನ್ ಬೆಟ್ಟಗಳಲ್ಲಿ. ಕ್ಲೌಡ್ ಪೀಕ್ ವೈಲ್ಡರ್‌ನೆಸ್ ಎಂಬ ಸಂರಕ್ಷಿತ ಕಾಡಿನ ಗಡಿಯಲ್ಲಿ ಮರಕ್ಕೆ ಹೊಡೆದ ಒಂದು ಹಲಗೆ ಇದೆ, ಬೇಲಿ ಇಲ್ಲ. ಹಲಗೆಯ ಆಚೆ ಹೊರರಾಜ್ಯದವರು ದೊಡ್ಡ ಪ್ರಾಣಿಯ ಬೇಟೆಗೆ ಒಬ್ಬರೇ ಹೋಗುವಂತಿಲ್ಲ. ಲೈಸೆನ್ಸ್ ಇರುವ ಗೈಡ್‌ಗೆ ಸಾವಿರಗಟ್ಟಲೆ ಡಾಲರ್ ಕೊಡಬೇಕು. ಇಲ್ಲವೇ ಅಲ್ಲಿನ ನಿವಾಸಿಯೊಬ್ಬರು ಉಚಿತ ಪರ್ಮಿಟ್ ಮಾಡಿಸಿಕೊಂಡು ಜೊತೆಗೆ ಬರಬೇಕು. ಸುರಕ್ಷತೆಗಾಗಿ ಅನ್ನುತ್ತಾರೆ. ಆದರೆ ನನ್ನ ಎಲ್ಕ್ ಲೈಸೆನ್ಸಿನಲ್ಲೇ ಮೀನು ಹಿಡಿಯುವ ಅನುಮತಿಯೂ ಸೇರಿದೆ. ಗಾಳ ಹಿಡಿದು ಅದೇ ದಾರಿಯಲ್ಲಿ ಒಬ್ಬನೇ ಹೋಗಿ ವಾರ ಇದ್ದು ಬರಬಹುದು. ಕೋವಿ ಹಿಡಿದರೆ ಮಾತ್ರ ದಾರಿ ತಪ್ಪುತ್ತೇನೆಯೇ? ಆ ನೆಲ ವಯೋಮಿಂಗ್‌ದಲ್ಲ, ಫೆಡರಲ್ ಸರ್ಕಾರದ್ದು. ಅದನ್ನು ನೋಡಿಕೊಳ್ಳಲು ಟೆಕ್ಸಸ್‌ನಲ್ಲಿ ಕೂತ ನನ್ನ ತೆರಿಗೆಯೂ ಹೋಗುತ್ತದೆ. ಈ ನಿಯಮವನ್ನು ತೆಗೆದುಹಾಕಬೇಕು.

ಹಾಗಾಗಿ ಮೊದಲ ಸಲ ಹೊರರಾಜ್ಯಕ್ಕೆ ಹೊರಡುವವರಿಗೆ ನಾನು ಹೇಳುವುದು ವಯೋಮಿಂಗ್‌ನ ಹೆಣ್ಣು ಪ್ರಾಂಗ್‌ಹಾರ್ನ್, ಅದೂ ಸರ್ಕಾರಿ ನೆಲ ಜಾಸ್ತಿ ಇರುವ ವಲಯದಲ್ಲಿ. ಜೂನ್ ಆರಂಭದವರೆಗೆ ಅರ್ಜಿ ಹಾಕಬಹುದು. ಎಲ್ಕ್ ಬೇಕೇ ಬೇಕು ಅಂದರೆ ಕೊಲೊರಾಡೊ. ಟೆಕ್ಸಸ್‌ನಲ್ಲಿ ಪಡೆದ ಹಂಟರ್ ಎಜುಕೇಷನ್ (ಬೇಟೆ ತರಬೇತಿ) ಕಾರ್ಡ್ ಎರಡೂ ಕಡೆ ನಡೆಯುತ್ತದೆ. ಎಚ್-1ಬಿಯಂಥ ವೀಸಾದಲ್ಲಿ ಇರುವವರು ಇನ್ನೊಂದು ವಿಷಯ ನೆನಪಿಡಿ. ಕೋವಿ ಇಟ್ಟುಕೊಳ್ಳಲು ಫೆಡರಲ್ ಕಾನೂನು ಅವರಿಗೆ ಕೊಡುವ ಮುಖ್ಯ ವಿನಾಯಿತಿಯೇ ಬೇಟೆ ಲೈಸೆನ್ಸ್. ಅವಧಿ ಮುಗಿಯುವ ಮುಂಚೆ ಅದನ್ನು ಹೊಸದು ಮಾಡಿಸಿಕೊಳ್ಳಿ.